ರೋಲರ್‌ಗೆ ಬಂದ ಸೀಟು

ಮಾರ್ಚ್ ೧೨, ಗುರುವಾರ.

ನನ್ನ ರೋಡ್ ರೋಲರ್‌ಗೆಂದು ಬಂದ ಸ್ಪ್ರಿಂಗ್ ಸೀಟು ಈಗ ಸೂಪರ್‌ವೈಸರನ ಕೋಣೆಯಲ್ಲಿದೆ. ಕೆಳಗೆ ನಾಲ್ಕು ಕಾಲು ಬೋಲ್ಟ್ ಮಾಡಿಸಿ ಕುರ್ಚಿ ಮಾಡಿಕೊಂಡಿದ್ದಾನೆ. ಕೇಳಿದರೆ, "ಕೂತು ಕೂತು ನನಗೂ ಬೆನ್ನು ನೋವಪ್ಪ. ನೀನು ಒಂದು ದಿಂಬು ಹಾಕ್ಕೋ" ಅಂದ. ಅವನ ಕೋಣೆಯ ನೆಲ ಅದುರುತ್ತದೆಯೇ? ನಾನು ಬೆಳಗಿನಿಂದ ಸಂಜೆಯವರೆಗೆ ಜಲ್ಲಿಯ ಮೇಲೆ ಅದುರುವ ಕಬ್ಬಿಣದಲ್ಲಿ ಕೂತು ಸೊಂಟದ ಕೀಲೆಲ್ಲ ಸಡಿಲಾಗಿದೆ.

ಊಟದ ಹೊತ್ತಿಗೆ ಲೋಟ ಹಿಡಿದ ನನ್ನ ಕೈ ನಡುಗುವುದನ್ನು ನೋಡಿ ಹೆಂಡತಿ, "ಮೆಷಿನ್ ಆಫ್ ಮಾಡಿ ಬಂದಿಲ್ವೇನ್ರೀ?" ಅಂದಳು. ತಮಾಷೆಗೇ ಅಂದದ್ದು. ಆದರೂ ಮೈಯೆಲ್ಲ ಉರಿಯಿತು, ಅವಳ ಮೇಲಲ್ಲ.

ನಾಳೆ ಸ್ಪ್ಯಾನರ್ ಹಿಡಿದು ಅವನ ಕೋಣೆಗೇ ಹೋಗುತ್ತೇನೆ. ಎದ್ದರೆ ಸರಿ. ಏಳದಿದ್ದರೆ ಅವನು ಕೂತ ಹಾಗೆಯೇ ಸೀಟನ್ನು ರೋಲರ್‌ಗೆ ಬಿಗಿದು, ಜಲ್ಲಿಯ ಮೇಲೆ ಸಂಜೆಯವರೆಗೆ ಓಡಿಸುತ್ತೇನೆ.