ಕೈ ಎಟುಕದ ಜಾಗ

ಪೀತಮ್‌ಪುರ, ದೆಹಲಿ
14 ಡಿಸೆಂಬರ್ 2024

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ವಾರಿಜಾ ಮಾಡುವ ನಮಸ್ಕಾರಗಳು. ದೀಪಾವಳಿಗೇ ಬರೆಯಬೇಕಿತ್ತು, ತಡವಾಯಿತು, ಬೈಯಬೇಡ. ಫೋನಿನಲ್ಲಿ ನಿನಗೆ ಕಿವಿ ಕೇಳಿಸುವುದಿಲ್ಲ, ನಾನು ಕಿರುಚಿದರೆ ಇಡೀ ಗಲ್ಲಿಗೆ ಸುದ್ದಿ.

ಇಲ್ಲಿ ಚಳಿ ಶುರುವಾದ ಕೂಡಲೇ ನನ್ನ ಬೆನ್ನ ಮೇಲೆ ಎಕ್ಸಿಮಾ ಎದ್ದಿತು. ಕೆಂಪು, ಉರಿ, ತುರಿಕೆ. ಮಾರ್ಕೆಟ್ಟಿನ ಔಷಧಿ ಅಂಗಡಿಯ ಭಯ್ಯಾ ಒಂದು ಟ್ಯೂಬ್ ಕೊಟ್ಟ. ನಮ್ಮ ಮನೆಯ ಎಣ್ಣೆಸ್ನಾನದ ಅಭ್ಯಾಸ ನೋಡು, ಧಾರಾಳವಾಗಿ ಬಳಿದುಕೊಂಡೆ. ಬೆನ್ನ ನಡುವಿಗೆ ಕೈ ಎಟುಕದೆ ದೋಸೆ ಮಗುಚುವ ಸಟ್ಟುಗಕ್ಕೆ ಬಟ್ಟೆ ಸುತ್ತಿ ತಿಕ್ಕಿದೆ. ನಗಬೇಡ! ಆಮೇಲೆ ಚರ್ಮದ ಡಾಕ್ಟರು ಚೆನ್ನಾಗಿ ಬೈದರು. "ಮಾತಾಜಿ, ಯೇ ಸ್ಟೀರಾಯ್ಡ್ ಹೈ, ಮಲಾಯಿ ನಹೀಂ." ಬಳಿದುಕೊಳ್ಳಲು ಇದೇನು ಹಾಲಿನ ಕೆನೆಯೇ ಅಂತ! ಬೇರೆ ಮುಲಾಮು ಬರೆದು, ಕೆಂಪಿರುವ ಕಡೆ ಮಾತ್ರ ತೆಳ್ಳಗೆ ಹಚ್ಚಬೇಕು, ವಾಸಿಯಾದ ಕೂಡಲೇ ತಮಗೆ ತೋರಿಸಬೇಕು ಎಂದರು. "ಘರ್ ಮೇ ಕೌನ್ ಲಗಾಯೇಗಾ?", ಮನೆಯಲ್ಲಿ ಹಚ್ಚುವವರು ಯಾರು ಎಂದೂ ಕೇಳಿದರು. ಯಾರೋ ಇದ್ದಾರೆ ಎನ್ನುವಂತೆ ತಲೆಯಾಡಿಸಿ ಬಂದೆ.

ಮೇಲಿನ ಮಹಡಿಯಲ್ಲಿ ಹರಿಣಿ ಎಂಬ ದಾವಣಗೆರೆಯ ಹುಡುಗಿ ಇದ್ದಾಳೆ, ಗುರ್‌ಗಾಂವ್‌ನಲ್ಲಿ ಕೆಲಸ. ವಿಷಯ ತಿಳಿದು, "ಚಲೋ ಆಂಟಿ, ನಾನಿಲ್ವಾ? ತಿರುಗಿ ಕೂತ್ಕೊಳ್ಳಿ" ಎಂದಳು. ಅಂದಿನಿಂದ ಮೆಟ್ರೋ ಇಳಿದು ಬಂದವಳೇ, ಬ್ಯಾಗನ್ನೂ ಕೆಳಗಿಡದೆ ಬೆನ್ನಿಗೆ ಮುಲಾಮು ಹಚ್ಚುತ್ತಾಳೆ. ಆಫೀಸಿನ ಮ್ಯಾನೇಜರನ್ನು ಬೈಯುತ್ತಾಳೆ, ನಾನೂ ಜೊತೆಗೆ ಬೈಯುತ್ತೇನೆ. ಆ ಹೊತ್ತಿಗಾಗಿ ನಾನು ಮಧ್ಯಾಹ್ನದಿಂದಲೇ ಕಾಯುತ್ತೇನೆ. ಚಿಕ್ಕವರಿದ್ದಾಗ ನೀನು ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದುದು ನೆನಪಾಗುತ್ತದೆ.

ಮಂಡಿನೋವು ಹೇಗಿದೆ? ಭಾವನವರಿಗೆ ನಮಸ್ಕಾರ, ಮೊಮ್ಮಕ್ಕಳಿಗೆ ಆಶೀರ್ವಾದ. ದೂರದಿಂದಲೇ ನನ್ನನ್ನು ಹರಸು.

ನಿನ್ನ
ವಾರಿಜಾ

ಮರೆತ ಮಾತು: ಅಕ್ಕ, ಬೆನ್ನು ಎಂದೋ ವಾಸಿಯಾಗಿದೆ. ಮುಲಾಮು ನಿಲ್ಲಿಸಬೇಕು, ಸುಮ್ಮನೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಹರಿಣಿಗೆ ನಾನು ಹೇಳಿಲ್ಲ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನನ್ನನ್ನು ಮುಟ್ಟಿದವಳು ಅವಳೊಬ್ಬಳೇ. ನಿನ್ನೆ ಅವಳು, "ಆಂಟಿ, ಕೆಂಪು ಎಲ್ಲೂ ಕಾಣ್ತಿಲ್ವಲ್ಲ" ಎಂದಳು. "ಒಳಗೆ ತುರಿಸುತ್ತೆ ಮಗಳೇ" ಎಂದೆ. ಬೆನ್ನಿಗೆ ಮುಲಾಮಿನ ತಂಪು ತಾಗಲೇ ಇಲ್ಲ, ಬರೀ ಅಂಗೈ ಇಟ್ಟಿದ್ದಳು, ಬಹಳ ಹೊತ್ತು. ನನಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಇವತ್ತು ಬರುತ್ತಾಳೋ ಇಲ್ಲವೋ. ಬಾಗಿಲಿಗೆ ಚಿಲಕ ಹಾಕಿಲ್ಲ.