ಇಬ್ಬರ ಬೆರಳಚ್ಚು

ಮಾನ್ಮತ್ ಜಂಕ್ಷನ್, ನ್ಯೂಜೆರ್ಸಿ
೯ ಏಪ್ರಿಲ್ ೨೦೦೬, ಭಾನುವಾರ

ಪ್ರೀತಿಯ ತಮ್ಮ ನಂಜುಂಡನಿಗೆ,

ಅಣ್ಣ ಅಶ್ವತ್ಥನಾರಾಯಣ ಸಮುದ್ರದಾಚೆಯಿಂದ ಕಳಿಸುವ ಆಶೀರ್ವಾದ. ನಿನ್ನ ಮಂಡಿನೋವು ಹೇಗಿದೆ? ಬೆಳಿಗ್ಗೆ ಎದ್ದ ತಕ್ಷಣ ನೆಲಕ್ಕೆ ಕಾಲಿಡಬೇಡ, ಮಂಚದ ಮೇಲೇ ಸ್ವಲ್ಪ ಚಾಚಿ ಮಡಿಸು ಎಂದು ಎಷ್ಟು ಸಲ ಹೇಳಿದ್ದೇನೆ. ವಿಜಿಯ ಸಕ್ಕರೆ ಹತೋಟಿಗೆ ಬಂತೇ? ಅವಳ ಕೈಯ ಹುರುಳಿ ಬಸ್ಸಾರು ಇಲ್ಲಿ ದಿನಕ್ಕೊಮ್ಮೆಯಾದರೂ ನೆನಪಾಗುತ್ತದೆ. ನಾನು ಆರೋಗ್ಯವಾಗಿದ್ದೇನೆ. ಏಪ್ರಿಲ್ ಬಂದರೂ ಸ್ವೆಟರ್ ತೆಗೆಯಲು ಸೊಸೆ ಪದ್ಮಜಾ ಬಿಡುವುದಿಲ್ಲ. ಮಗ ಶಿವಪ್ರಸಾದ ಎಂದಿನಂತೆ ಕ್ರ್ಯಾನ್‌ಬರಿಯ ಔಷಧ ಕಂಪನಿಗೆ ಡ್ರೈವ್ ಮಾಡಿಕೊಂಡು ಹೋಗಿ ಬರುತ್ತಾನೆ. ಅವರಿಬ್ಬರೂ ಹೊರಟ ಮೇಲೆ ಮನೆಯಲ್ಲಿ ನಾನು, ಫ್ರಿಜ್ಜಿನ ಸದ್ದು. ನಿನ್ನ ಅತ್ತಿಗೆ ಇದ್ದಿದ್ದರೆ ಆ ಫ್ರಿಜ್ಜನ್ನಾದರೂ ಬೈಯುತ್ತಿದ್ದಳು, ಒಂದು ಮಾತು ಕೇಳಿದಂತಾಗುತ್ತಿತ್ತು.

ಈಗ ಆಫೀಸಿನಲ್ಲಿ ಟೈಪು ಮಾಡುತ್ತಿದ್ದ ಹಾಗೆ, ವಿತ್ ರೆಫರೆನ್ಸ್ ಟು ದಿ ಸಬ್ಜೆಕ್ಟ್, ವಿಷಯ ನಮ್ಮ ತನ್ವಿಯದು. ಅವಳಿಗೆ ನ್ಯೂಯಾರ್ಕ್ ಸಿಟಿಯ ಒಂದು ಕಾಲೇಜಿನಲ್ಲಿ ಫೊರೆನ್ಸಿಕ್ ಸೈನ್ಸಿಗೆ ಸೀಟು ಸಿಕ್ಕಿರುವುದು ನಿನಗೆ ನನಗಿಂತ ಮೊದಲೇ ಗೊತ್ತು. ಇಮೇಲಿನಲ್ಲಿ ಎಲ್ಲವೂ ನಿನಗೇ ಮೊದಲು ಹೋಗುತ್ತದೆ, ನನಗೆ ಊಟದ ಟೇಬಲ್ಲಿನಲ್ಲಿ ಮಿಕ್ಕಿದ್ದು. ಬಿ.ಎಸ್. ನಾಲ್ಕು ವರ್ಷ, ಎಂ.ಎಸ್. ಎರಡು ವರ್ಷ ಓದಬೇಕಾದ್ದನ್ನು ಒಂದರೊಳಗೊಂದು ಸೇರಿಸಿ ಐದೇ ವರ್ಷಕ್ಕೆ ಮುಗಿಸುತ್ತಾರಂತೆ. ನಾಲ್ಕನೇ ವರ್ಷದಲ್ಲೇ ಎಂ.ಎಸ್. ಪಾಠ ಶುರು, ಅದು ಎರಡೂ ಡಿಗ್ರಿಯ ಲೆಕ್ಕಕ್ಕೆ ಬರುತ್ತದೆ. ಮೊದಮೊದಲು ಬರೀ ಕೆಮಿಸ್ಟ್ರಿ, ಬಯಾಲಜಿ. ನಡುವೆ ಮಾರ್ಕ್ಸ್ ಇಳಿದರೆ ಬಿ.ಎಸ್. ಒಂದನ್ನೇ ಕೈಗಿಟ್ಟು ಕಳಿಸುತ್ತಾರೆ. ಇದಕ್ಕೆ ಆಕ್ಸಿಲರೇಟೆಡ್ ಅನ್ನುತ್ತಾರೆ. ನಾನು ಅದು ಕಾರಿಗೆ ಮಾತ್ರ ಎಂದುಕೊಂಡಿದ್ದೆ. ಮೇ ಒಂದರೊಳಗೆ ಕಾಲೇಜಿಗೆ ಒಪ್ಪಿಗೆ ತಿಳಿಸಬೇಕು. ಪದ್ಮಜಾಗೆ ಸುತರಾಂ ಇಷ್ಟವಿಲ್ಲ. "ಹೆಣ ಕುಯ್ಯೋ ಜಾಗಕ್ಕೆ ಮಗಳನ್ನ ಕಳ್ಸಕ್ಕೆ ನಾವು ಇಷ್ಟು ದೂರ ಬಂದ್ವಾ ಮಾವ?" ಎಂದು ನನ್ನನ್ನು ಕೇಳುತ್ತಾಳೆ, ನಾನೇ ಕಳಿಸುತ್ತಿರುವ ಹಾಗೆ. ಹತ್ತಿರದಲ್ಲೇ ಫಾರ್ಮಸಿ ಓದಲಿ ಎಂದು ಅವಳ ಆಸೆ.

ಈ ಹುಚ್ಚು ಹತ್ತಿದ್ದು ಹೇಗೆ ಎಂದು ನಿನಗೆ ಪೂರ್ತಿ ಗೊತ್ತಿಲ್ಲ, ಹೇಳುತ್ತೇನೆ. ನಾನು ರಿಟೈರಾದಾಗ ಡಿ.ಸಿ. ಆಫೀಸಿನವರು ಕೊಟ್ಟ ಫಲಕ ನನ್ನ ಕೋಣೆಯಲ್ಲಿ ತೂಗುಹಾಕಿದೆ. ಕಳೆದ ಚಳಿಗಾಲದಲ್ಲಿ ತನ್ವಿ ಕನ್ನಡ ಕ್ಲಾಸಿನಲ್ಲಿ ಕಲಿತ ಅಕ್ಷರ ಕೂಡಿಸಿ ಕೂಡಿಸಿ ಅದರಲ್ಲಿದ್ದ "ಹಿರಿಯ ಬೆರಳಚ್ಚುಗಾರರು" ಎಂಬುದನ್ನು ಓದಿದಳು. ಹಾಗೆಂದರೇನು ಎಂದು ಅಮ್ಮನನ್ನು ಕೇಳಿದಳು. ಕಾರಿನ ಕೀ ಹುಡುಕುತ್ತಿದ್ದ ಪದ್ಮಜಾ, ಬೆರಳು ಅಂದರೆ ಫಿಂಗರ್, ಅಚ್ಚು ಅಂದರೆ ಪ್ರಿಂಟ್ ಎಂದು ಬಿಡಿಸಿ ಹೇಳಿ ಹೊರಟುಹೋದಳು. ಮಗು ನನ್ನ ಹತ್ತಿರ ಓಡಿ ಬಂತು. "ತಾತ, ಯು ಡಿಡ್ ಪ್ರಿಂಟ್ಸ್? ಫಾರ್ ದಿ ಗವರ್ನಮೆಂಟ್?" ನಾನು ಟೈಪಿಂಗನ್ನೇ ಕೇಳುತ್ತಿದ್ದಾಳೆಂದು, "ಆಲ್ ಮೈ ಸರ್ವೀಸ್, ಫಾರ್ ದಿ ಗವರ್ನಮೆಂಟ್ ಓನ್ಲಿ" ಎಂದೆ. ಆಮೇಲೆ ಒಂದು ವಾರ ನಾನು ಮಹಾರಾಜ ಕಣಯ್ಯಾ. ಸ್ಕೂಲಿನಿಂದ ಬಂದವಳೇ ಬ್ಯಾಗು ಬಿಸಾಡಿ ನನ್ನ ಎದುರಿಗೆ ಕೂರುವಳು. ಹುಟ್ಟಿದಾಗಿನಿಂದ ನನ್ನನ್ನು ಒಂದು ಪ್ರಶ್ನೆ ಕೇಳದವಳು ಕೇಳಿದ್ದೇ ಕೇಳಿದ್ದು. ಕೊನೆಗೊಂದು ದಿನ, ಪ್ರಿಂಟು ತುಂಬಾ ಮಸುಕಾಗಿದ್ದರೆ ಏನು ಮಾಡುತ್ತಿದ್ದೆ ಎಂದಳು. ಇದೇನು ಮಹಾ ಎಂದುಕೊಂಡು "ರಿಬ್ಬನ್ ಚೇಂಜ್ ಮಾಡೋದು" ಎಂದೆ. ಅವಳು ಸೋಫಾದಿಂದ ಜಾರಿ ಬೀಳುವಷ್ಟು ನಕ್ಕಳು. ಶಿವಪ್ರಸಾದನೂ ನಗುತ್ತಲೇ, "ಪುಟ್ಟಿ, ತಾತ ಟೈಪಿಸ್ಟು. ಪೊಲೀಸ್ ಫಿಂಗರ್‌ಪ್ರಿಂಟ್‌ನಲ್ಲಿ ಇದ್ದಿದ್ದು ಚಿಕ್ಕ ತಾತ" ಎಂದ. ಅಲ್ಲಿಗೆ ನನ್ನ ಪಟ್ಟ ಇಳಿಯಿತು, ನಿನ್ನದು ಏರಿತು.

ನಾವಿಬ್ಬರೂ ಕೆಲಸಕ್ಕೆ ಸೇರಿದಾಗ ನಮ್ಮಮ್ಮ ಬೀದಿಗೆಲ್ಲ ಹೇಳಿಕೊಂಡಿದ್ದು ನೆನಪಿದೆಯೇ, "ನಮ್ಮನೆ ಇಬ್ಬರದ್ದೂ ಬೆರಳಚ್ಚೇ" ಎಂದು? ಅಮ್ಮನಿಗೆ ವ್ಯತ್ಯಾಸ ಕಾಣಲಿಲ್ಲ, ಮೊಮ್ಮಗಳಿಗೆ ಕಂಡಿತು. ಈಗ ಮನೆಯಲ್ಲಿ ಎಲ್ಲಕ್ಕೂ ಚಿಕ್ಕ ತಾತ. ಗಾಜಿನ ಮೇಲೆ ಪುಡಿ ಹೇಗೆ ಸವರಬೇಕೆಂದು ಚಿಕ್ಕ ತಾತ ಹೇಳಿದರು. ಕೋರ್ಟಿನಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕೆಂದು ಚಿಕ್ಕ ತಾತ ಹೇಳಿದರು. ಅಲ್ಲವೋ, ಈ ದೇಶದಲ್ಲಿ ಅವಳನ್ನು ಸ್ಕೂಲ್ ಬಸ್ಸಿಗೆ ಬಿಟ್ಟು, ಛತ್ರಿ ಹಿಡಿದು ಕಾದು ಕರೆತಂದದ್ದು ನಾನು. ನೀನು ಅವಳನ್ನು ನೋಡಿರುವುದೇ ಎರಡು ಸಲ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಎನ್ವಿ ಬೇರೆ, ಜೆಲಸಿ ಬೇರೆ ಎಂದು ಒಂದು ಪೂರ್ತಿ ಪೀರಿಯಡ್ ಪಾಠ ಮಾಡಿದ್ದರು. ಯಾವುದು ಯಾವುದೆಂದು ಮರೆತುಹೋಗಿದೆ. ನನಗೆ ಆಗಿರುವುದು ಎರಡರಲ್ಲೊಂದು.

ಅದಕ್ಕೇ ಈ ಕಾಗದ. ಫಾರ್ಮಸಿಯೇ ಒಳ್ಳೆಯದಮ್ಮ ಎಂದು ನಾನೂ ಹೇಳಿ ನೋಡಿದೆ. "ತಾತ, ಯು ಆರ್ ಸೋ ಕ್ಯೂಟ್" ಎಂದು ಕೆನ್ನೆ ಹಿಂಡಿ ಹೋದಳು. ಅಪ್ಪ ಅಮ್ಮನಿಗೆ ಕೊನೆಯ ಮಾತಾಗಿ ಹೇಳಿದ್ದಾಳೆ, ಚಿಕ್ಕ ತಾತ ಬೇಡ ಅಂದರೆ ಬಿಡುತ್ತೇನೆ ಎಂದು. ಆದ್ದರಿಂದ ನೀನು ಮೇ ಒಂದರೊಳಗೆ ಅವಳಿಗೆ ಫೋನ್ ಮಾಡಿ, ಆ ಕೆಲಸದ ವಾಸನೆ, ಕೋರ್ಟಿನ ಅಲೆದಾಟ ಎಲ್ಲ ವಿವರಿಸಿ ಬೇಡವೆನ್ನಬೇಕೆಂದು ಪದ್ಮಜಾ ಕೇಳಿಕೊಂಡಿದ್ದಾಳೆ. ಐ ಬೆಗ್ ಟು ಫಾರ್ವರ್ಡ್ ದಿ ಸೇಮ್.

ವಿಜಿಗೂ ಮಕ್ಕಳಿಗೂ ನನ್ನ ಶುಭಾಶಯ ತಿಳಿಸು. ಚಾಮುಂಡಿ ತಾಯಿ ನಿಮ್ಮನ್ನೆಲ್ಲ ಸುಖವಾಗಿಟ್ಟಿರಲಿ.

ಇಂತು ನಿನ್ನ ಅಣ್ಣ,
ಅಶ್ವತ್ಥ

ತಾ.ಕ.: ಮೇಲಿನದನ್ನು ಪದ್ಮಜಾ ಓದಿ ಒಪ್ಪಿ ಸ್ನಾನಕ್ಕೆ ಹೋಗಿದ್ದಾಳೆ. ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಬೇಡ ಅನ್ನಬೇಡ. ಸೇರು ಅನ್ನು. ನಿನ್ನೆ ಮಧ್ಯಾಹ್ನ ತನ್ವಿ ಇಂಕ್ ಪ್ಯಾಡು ತಂದು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಈ ಬದಿಯಿಂದ ಆ ಬದಿಗೆ ಹೊರಳಿಸಿ ಅಚ್ಚು ತೆಗೆದಳು. ಹಗುರ ಬಿಡು ತಾತ, ಕೈ ಬಿಗಿ ಹಿಡೀಬೇಡ ಎಂದು ಕನ್ನಡದಲ್ಲೇ ಹೇಳಿದಳು. ನಿನ್ನ ಅತ್ತಿಗೆ ಹೋದ ಮೇಲೆ ನನ್ನ ಕೈಯನ್ನು ಯಾರೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ಸರಿಬಾರದೆ ಮತ್ತೆ ಮೊದಲಿನಿಂದ ತೆಗೆದಳು. ಕಾಲೇಜಿಗೆ ಸೇರಿದರೆ ವಾರಕ್ಕೊಮ್ಮೆ ರೈಲಿನಲ್ಲಿ ಮನೆಗೆ ಬರುತ್ತಾಳಂತೆ, ಐದು ವರ್ಷವೂ ಪ್ರಾಕ್ಟೀಸಿಗೆ ಯಾರದಾದರೂ ಬೆರಳು ಬೇಕಂತೆ. ನಿನ್ನವು ಮೈಸೂರಿನಲ್ಲಿವೆ.