ಬ್ಯಾರನ್ನಿನೊಳಗೆ ತೂಗಿದ ಪೆಟ್ಟಿಗೆ

ಹನಗೋಡು
ಆಗಸ್ಟ್ 24, 2025, ಭಾನುವಾರ

ಪ್ರೀತಿಯ ಭಾವನಾ,

ಕೆಮ್ಮು ಹೇಗಿದೆ? ಪ್ರಯೋಗಾಲಯದ ಆ ತಣ್ಣನೆಯ ಕೋಣೆಯಲ್ಲಿ ಕೂರುವಾಗ ಸ್ವೆಟರ್ ಹಾಕಿಕೊಳ್ಳುತ್ತೀಯೋ ಇಲ್ಲವೋ. ಪುಣೆಯಲ್ಲಿ ಮಳೆ ಹೊಳವಾಯಿತೇ ಎಂದು ಅಮ್ಮ ಕೇಳುತ್ತಿದ್ದಾಳೆ. ಇಲ್ಲಿ ಎಲ್ಲರೂ ಸೌಖ್ಯ. ಲಕ್ಷ್ಮಣತೀರ್ಥ ಕೆಂಪಗೆ ಹರಿಯುತ್ತಿದೆ. ಅಮ್ಮನ ಮಂಡಿನೋವು ನನ್ನೆದುರು ಹೆಚ್ಚು, ಬ್ಯಾರನ್ನಿನ ಬೆಂಕಿಯ ಕಾವಿನಲ್ಲಿ ಒಣಗಿಸುವ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಲು ಬರುವ ರಾಚಮ್ಮನೆದುರು ಕಡಿಮೆ.

ಕೆಲವು ದಿನ ಫೋನ್ ಮಾಡಬೇಡಿ ಎಂದಿದ್ದೀಯ, ಅದಕ್ಕೇ ಈ ಕಾಗದ. ನೀನು ವಾಪಸು ಕೇಳಿದ ಪೆಟ್ಟಿಗೆಯನ್ನು ನಾಳೆ ಹುಣಸೂರಿಗೆ ಹೋಗಿ ಕೊರಿಯರ್‌ಗೆ ಕೊಡುತ್ತೇನೆ, ಅದರ ಮೇಲೆ ಇದನ್ನಿಡುತ್ತೇನೆ. ಫೋನಿನಲ್ಲಿ ನೀನು, ಬ್ಯಾರನ್ನಿನ ಕಾವಿಗೆ ಪೆಟ್ಟಿಗೆಯೊಳಗಿನ ನನ್ನ ತಂತಿಗಳು ಸತ್ತುಹೋದವು, ಮುಂದಿನ ವಾರದ ಸಭೆಯಲ್ಲಿ ಗೈಡಿಗೆ ಹೇಳಿ ಇವನ್ನು ಕೈಬಿಡುತ್ತೇನೆ, ಆಮೇಲೆ ಸಂಶೋಧನೆಯನ್ನೇ ಬಿಟ್ಟರೂ ಬಿಟ್ಟೆ ಎಂದೆ. ನಾನದಕ್ಕೆ ಸುಮ್ಮನಿದ್ದೆ. ಅದು ಒಪ್ಪಿಗೆಯಲ್ಲ. ಮಾತು ಸಿಗದೆ ನಿಂತಾಗ ಜನ ನನ್ನನ್ನು ಒಪ್ಪಿದವನೆಂದೇ ತಿಳಿಯುತ್ತಾರೆ, ಅದರಿಂದ ಎಷ್ಟೋ ಕಡೆ ನನಗೆ ಅನುಕೂಲವೂ ಆಗಿದೆ. ನಿನ್ನ ವಿಷಯದಲ್ಲಿ ಆ ಅನುಕೂಲ ಬೇಡ.

ನೀನು ವಿವರಿಸಿದ್ದು ನನಗೆ ಅರ್ಥವಾದಷ್ಟು ಇದು. ಆ ತಂತಿಗಳನ್ನು ಯಾರೂ ಎಳೆಯುವುದಿಲ್ಲ. ದ್ರವದಲ್ಲಿ ಕರಗಿದ ಅಣುಗಳು, ದ್ರವ ಆರುತ್ತ ಬಂದಂತೆ, ಒಂದರ ಬೆನ್ನಿಗೆ ಒಂದು ಬಂದು ನಿಂತು ತಾವೇ ತಂತಿಯಾಗುತ್ತವೆ. ಕೂದಲಿಗಿಂತ ಎಷ್ಟೋ ಸಣ್ಣ. ಬೆಳಕು ಬಿದ್ದಾಗ ಅವುಗಳಲ್ಲಿ ವಿದ್ಯುತ್ ಹರಿಯುತ್ತದೆ, ಹೆಚ್ಚು ಬೆಳಕಿಗೆ ಹೆಚ್ಚು. ರಾಚಮ್ಮನಿಗೆ ಇದನ್ನು ಹೇಳಿದೆ. ಎಲೆ ಪೋಣಿಸುತ್ತಿದ್ದ ಕಡ್ಡಿಯನ್ನು ಕೆಳಗಿಟ್ಟು ಕೇಳಿದಳು, ಆಮೇಲೆ “ಅಂಗಾದ್ರೆ ನಮ್ ಸೊಪ್ಗೂ ಒಸಿ ಕಲಿಸ್ಕೊಡಾಕ್ ಯೋಳಿ, ತಾನೇ ಬಂದು ಕಡ್ಡಿಗ್ ಕಟ್ಕಳ್ಳಿ” ಅಂದಳು. ಆ ದಿನವೆಲ್ಲ ಕೆಲಸದವರಿಗೆ ಅದೇ ನಗೆ.

ನೀನು ಹೇಳಿದಂತೆಯೇ ಮಾಡಿದ್ದೆವು. ಪೆಟ್ಟಿಗೆ ಬಂದ ಸಂಜೆ ಕಿಟಕಿಯ ಬಳಿ ಹಿಡಿದರೆ ಮೀಟರಿನಲ್ಲಿ ಅಂಕಿ ಏರುತ್ತಿತ್ತು, ಅಂಗೈ ಅಡ್ಡ ಹಿಡಿದರೆ ಇಳಿಯುತ್ತಿತ್ತು. ಅಮ್ಮ ಅದನ್ನು ತಿರುತಿರುಗಿ ಮಾಡಿಸಿ ನೋಡಿದಳು. ಮಾರನೆಯ ದಿನ ಬ್ಯಾರನ್ನಿನೊಳಗೆ, ಅದರ ಗಾಜನ್ನು ತೂಗುಹಾಕಿದ ಸೊಪ್ಪಿಗೆ ಮುಖ ಮಾಡಿ ಕಟ್ಟಿ, ಸೊಪ್ಪಿನ ಮೇಲೆ ಬೆಳಕು ಬೀಳುವಂತೆ ಪಕ್ಕದಲ್ಲಿ ಸಣ್ಣ ದೀಪವಿಟ್ಟು, ವೈರನ್ನು ಹೊರಗೆ ಎಳೆದುಕೊಂಡೆ. ಎಲೆ ಹಸಿರು ಬಿಟ್ಟು ಹಳದಿಯಾದಂತೆ ಅದರಿಂದ ಚಿಮ್ಮುವ ಬೆಳಕು ಹೆಚ್ಚಿ ಅಂಕಿ ಏರಬೇಕಿತ್ತು, ನಾವು ಅದನ್ನು ನೋಡಿ ಬೆಂಕಿ ಏರಿಸಬೇಕಿತ್ತು. ಅಂಕಿ ಮೊದಲಿನಿಂದಲೂ ನೆಲ ಕಚ್ಚಿತ್ತು, ಏಳಲೇ ಇಲ್ಲ. ಕೊನೆಗೆ ಎಂದಿನಂತೆ ಗೋಡೆಯ ಗಾಜಿನ ಕಿಂಡಿಗೆ ಕಣ್ಣಿಟ್ಟು, ಟಾರ್ಚ್ ಬಿಟ್ಟು, ಅಂದಾಜಿನ ಮೇಲೆ ಬೆಂಕಿ ಏರಿಸಿದೆ. ಸೊಪ್ಪೇನೋ ಚೆನ್ನಾಗಿಯೇ ಬಂತು. ಅದು ನನಗೆ ಸಂತೋಷ ಕೊಡಲಿಲ್ಲ. ನನ್ನ ಅಂದಾಜು ತಪ್ಪಿ ನಿನ್ನ ಪೆಟ್ಟಿಗೆ ಸರಿಯಾಗಿದ್ದರೆ ಚೆನ್ನಾಗಿತ್ತು ಎಂದು ಕಿಂಡಿಯ ಮುಂದೆ ನಿಂತಾಗ ಅನ್ನಿಸಿತು. ಸೊಪ್ಪು ಬೆಳೆಯುವವನಿಗೆ ಬರಬಾರದ ಯೋಚನೆ.

ನಿನಗೆ ಬುದ್ಧಿ ಹೇಳುವಷ್ಟು ಈ ವಿಷಯ ನನಗೆ ತಿಳಿಯದು. ಬಿಟ್ಟು ಬರುವುದಾದರೆ ಬಾ, ಯಾಕೆಂದು ಯಾರೂ ಕೇಳುವುದಿಲ್ಲ, ಕೇಳುವವರನ್ನು ಅಮ್ಮ ನೋಡಿಕೊಳ್ಳುತ್ತಾಳೆ. ಆದರೆ ನಮ್ಮ ಬ್ಯಾರನ್ನಿನಲ್ಲಿ ಕೆಟ್ಟಿತೆಂಬ ಒಂದೇ ಕಾರಣಕ್ಕೆ ಬಿಡುವೆಯಾದರೆ, ಆ ಗೋಡೆಯ ಮುಂದೆ ದಿನಾ ಓಡಾಡುವುದು ನನಗೆ ಸ್ವಲ್ಪ ಕಷ್ಟವಾದೀತು. ಇಷ್ಟನ್ನು ಬರೆಯಲು ಕಾಗದದಲ್ಲಿ ಇಷ್ಟು ದೂರ ಬಂದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದೇ ಆಗಲಿ ಎಂದು ನಾವಿಬ್ಬರೂ ನೆನೆಯುತ್ತೇವೆ, ಅಮ್ಮ ಬಾಯಿಬಿಟ್ಟು, ನಾನು ಹೀಗೆ.

ನಿನ್ನ ಅಪ್ಪ,
ಕಾಂತರಾಜ್

ತಾ. ಕ.: ಸೋಮವಾರ ಬೆಳಿಗ್ಗೆ, ಬಸ್ಸಿಗೆ ಹೊತ್ತಾಗುತ್ತಿದೆ. ನಿನ್ನ ಫೋನ್ ಆಫ್ ಇದೆ. ಗೈಡಿಗೆ ಈಗಲೇ ಏನೂ ಹೇಳಬೇಡ. ಪೆಟ್ಟಿಗೆ ಕಟ್ಟಲು ಬೆಳಕಿಗೆ ತಂದಾಗ ಅದರ ಗಾಜಿನ ಮೇಲೆ ಬೂದುಬಣ್ಣದ ಪೊರೆ ಕಂಡಿತು. ವಿಭೂತಿ. ಬ್ಯಾರನ್ನಿಗೆ ಒಯ್ಯುವ ದಿನ, ನಾನು ಸ್ನಾನಕ್ಕೆ ಹೋಗಿದ್ದಾಗ, ಪಂಪಿಗೆ ಟಿಲ್ಲರಿಗೆ ಹಚ್ಚುವಂತೆಯೇ ಅಮ್ಮ ಅದಕ್ಕೂ ಮೂರು ಬೆರಳೆಳೆದಿದ್ದಾಳೆ, ಸರಿಯಾಗಿ ಗಾಜಿನ ಮೇಲೆಯೇ. ಹಬೆಗೆ ನೆಂದು ಒಣಗಿ ಗಾಜೆಲ್ಲ ಮುಚ್ಚಿಹೋಗಿದೆ. ಒಂದು ಮೂಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕಿಟಕಿಗೆ ಹಿಡಿದೆ. ಅಂಕಿ ಏರಿತು. ಕೈ ಅಡ್ಡ ಇಟ್ಟೆ, ಇಳಿಯಿತು. ನಿನ್ನ ತಂತಿಗಳು ಬದುಕಿವೆ ಭಾವನಾ, ಅಷ್ಟು ಕಾವಿನಲ್ಲಿ ಕೂತು ಬಂದೂ ಬದುಕಿವೆ. ಅಮ್ಮ ಮೊದಲು ಅತ್ತಳು. ಆಮೇಲೆ ಉಳಿದದ್ದನ್ನು ಒರೆಸಲು ಹೋದರೆ ನನ್ನ ಕೈ ಹಿಡಿದುಕೊಂಡಳು: “ಅದ್ನ ಅವ್ಳೇ ಒರೆಸ್ಕಳ್ಳಿ ಬುಡಿ. ಅವ್ಳ್ ಹಣೆ ಕೈಗೆ ಸಿಕ್ಕಾಕಿಲ್ಲ, ಇದಾದ್ರೂ ಸಿಕ್ತಲ್ಲ ಅಂತ ಹಚ್ಚಿದ್ದು ಕಣ್ರೀ.” ಹಾಗಾಗಿ ಒರೆಸದೆ ಕಳಿಸುತ್ತಿದ್ದೇನೆ.